ಹದಿನಾಲ್ಕನೆಯ ಕ್ಷೇತ್ರದ ಮತಪೆಟ್ಟಿಗೆ

1962ನೆಯ ಇಸವಿಯ ಅಕ್ಟೋಬರ್ ತಿಂಗಳೆಂದರೆ ನಮ್ಮ ಹಿರಿಯರಿಗೆ ಮೊದಲು ನೆನಪಾಗುವುದು ಚೀನಾದ ಆಕ್ರಮಣ. ಆ ತಿಂಗಳ 20ರಂದು ಹಿಮಾಲಯದ ಗಡಿಯಲ್ಲಿ ಯುದ್ಧ ಆರಂಭವಾಯಿತು. ನಮ್ಮ ತಾಯಂದಿರು ಮೈಮೇಲಿನ ಬಂಗಾರವನ್ನು ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಅದೇ ವಾರ ಅಮೆರಿಕ ಮತ್ತು ರಷ್ಯಾ ದೇಶಗಳು ಕ್ಯೂಬಾದ ಕ್ಷಿಪಣಿಗಳ ಕಾರಣದಿಂದ ಅಣುಯುದ್ಧದ ಅಂಚಿಗೆ ಬಂದು ನಿಂತಿದ್ದವು. ಜಗತ್ತಿನ ಕಣ್ಣೆಲ್ಲ ಅತ್ತಲೇ ನೆಟ್ಟಿದ್ದ ಆ ದಿನಗಳಲ್ಲಿ, ಅಮೆರಿಕೆಯ ದಕ್ಷಿಣದ ಜಾರ್ಜಿಯಾ ರಾಜ್ಯದ ಒಂದು ಮೂಲೆಯಲ್ಲಿ, ಹೊಳೆಯ ದಂಡೆಯ ಪುಟ್ಟ ಊರೊಂದರಲ್ಲಿ, ಒಂದು ರಟ್ಟಿನ ಪೆಟ್ಟಿಗೆಯ ವಿಷಯವಾಗಿ ವ್ಯಾಜ್ಯ ಹುಟ್ಟಿತು. ಅದು ಮತಪೆಟ್ಟಿಗೆ. ಅದರೊಳಗಿನ ಚೀಟಿಗಳಿಂದ ಸೋತವನೆಂದು ಸಾರಲ್ಪಟ್ಟ ಶೇಂಗಾ ವ್ಯಾಪಾರಿಯು ಹದಿನಾಲ್ಕು ವರ್ಷಗಳ ನಂತರ ಅಮೆರಿಕೆಯ ಅಧ್ಯಕ್ಷನಾದನು.

ಜಿಮ್ಮಿ ಕಾರ್ಟರರು 2024ರ ಡಿಸೆಂಬರ್ 29ರಂದು, ತಮ್ಮ ನೂರನೆಯ ವಯಸ್ಸಿನಲ್ಲಿ, ಹುಟ್ಟೂರಾದ ಪ್ಲೇನ್ಸ್‌ನಲ್ಲಿಯೇ ತೀರಿಕೊಂಡರು. ಆಗ ಪತ್ರಿಕೆಗಳೆಲ್ಲ ಅವರ ಅಧ್ಯಕ್ಷಗಿರಿಯನ್ನೂ 2002ರ ನೊಬೆಲ್ ಶಾಂತಿ ಪುರಸ್ಕಾರವನ್ನೂ ನೆನೆದವು. ಅವರ ಮೊದಲ ಚುನಾವಣೆಯನ್ನು ನೆನೆದವರು ಕಡಿಮೆ. ನಮ್ಮ ಎಷ್ಟೋ ಮನೆಗಳ ಮಕ್ಕಳು, ಮೊಮ್ಮಕ್ಕಳು ಇಂದು ಆ ದೇಶದ ಪ್ರಜೆಗಳಾಗಿ ಅಲ್ಲಿ ಮತ ಹಾಕುತ್ತಿದ್ದಾರೆ. ಉತ್ತರ ಅಮೆರಿಕದ ವೀರಶೈವ ಸಮಾಜದ ಸಮಾವೇಶಗಳಿಗೆ ಹೋಗಿ ಬಂದ ಓದುಗರೂ ನಮ್ಮಲ್ಲಿದ್ದಾರೆ. ಅವರ ಪಾಲಿಗೆ ಅಧ್ಯಕ್ಷರ ಚುನಾವಣೆ ಗೊತ್ತು, ರಾಜ್ಯ ಸೆನೆಟ್ ಎಂದರೇನೆಂಬುದು ಅಷ್ಟಾಗಿ ಗೊತ್ತಿಲ್ಲ. ಆದಕಾರಣ ಈ ಹದಿನಾಲ್ಕನೆಯ ಕ್ಷೇತ್ರದ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ನಿವೇದಿಸಬೇಕೆಂದು ನಮಗೆ ತೋರಿತು.

ಅಮೆರಿಕೆಯ ಪ್ರತಿ ರಾಜ್ಯಕ್ಕೂ ತನ್ನದೇ ಆದ ಶಾಸನಸಭೆ ಇದೆ. ನೆಬ್ರಾಸ್ಕ ಒಂದನ್ನು ಬಿಟ್ಟರೆ ಉಳಿದೆಲ್ಲ ಕಡೆ ಎರಡು ಸದನಗಳು. ಮೇಲಿನ ಸದನಕ್ಕೆ ಸೆನೆಟ್ ಎಂದು ಹೆಸರು. ನಮ್ಮ ಕರ್ನಾಟಕದ ವಿಧಾನ ಪರಿಷತ್ತನ್ನು ಇದಕ್ಕೆ ಹೋಲಿಸಬಹುದಾದರೂ ಮುಖ್ಯವಾದ ಒಂದು ಭೇದವಿದೆ. ನಮ್ಮ ಪರಿಷತ್ತಿನ 75 ಸದಸ್ಯರು ಶಿಕ್ಷಕರಿಂದ, ಪದವೀಧರರಿಂದ, ಸ್ಥಳೀಯ ಸಂಸ್ಥೆಗಳಿಂದ, ವಿಧಾನಸಭೆಯ ಸದಸ್ಯರಿಂದ ಆರಿಸಿ ಬರುವವರು, ಕೆಲವರು ನಾಮಕರಣಗೊಂಡವರು. ಅಲ್ಲಿಯ ಸೆನೆಟರನನ್ನಾದರೋ ತನ್ನ ಕ್ಷೇತ್ರದ ಸಾಮಾನ್ಯ ಮತದಾರರೇ ನೇರವಾಗಿ ಆರಿಸುತ್ತಾರೆ. ಜಾರ್ಜಿಯಾದಲ್ಲಿ ಅವಧಿ ಕೇವಲ ಎರಡು ವರ್ಷ.

ಆದರೆ 1962ಕ್ಕಿಂತ ಮುಂಚೆ ಆ ರಾಜ್ಯದಲ್ಲಿ ಈ ‘ನೇರ’ ಎಂಬ ಮಾತಿಗೆ ಬೆಲೆಯಿರಲಿಲ್ಲ. ಮೂರು ಮೂರು ಕೌಂಟಿಗಳನ್ನು ಒಂದೊಂದು ಸೆನೆಟ್ ಕ್ಷೇತ್ರವನ್ನಾಗಿ ಕಟ್ಟಿ, ಸರದಿಯ ಮೇಲೆ ಒಂದು ಸಲ ಈ ಕೌಂಟಿಯವನು, ಮುಂದಿನ ಸಲ ಆ ಕೌಂಟಿಯವನು ಎಂದು ಸ್ಥಾನವನ್ನು ಹಂಚಿಕೊಳ್ಳುತ್ತಿದ್ದರು. (ಕೌಂಟಿಯೆಂದರೆ ನಮ್ಮ ತಾಲ್ಲೂಕಿನಷ್ಟು ಎಂದು ತಿಳಿಯಬಹುದು, ಜಾರ್ಜಿಯಾದಲ್ಲಿ ಅಂಥವು 159.) ಗವರ್ನರರ ಆಯ್ಕೆಯಂಥ ದೊಡ್ಡ ವಿಷಯಗಳಲ್ಲಿಯೂ ಪಕ್ಷದೊಳಗಿನ ಚುನಾವಣೆಯಲ್ಲಿ ಮತಗಳನ್ನು ತಲೆಯೆಣಿಕೆಯಿಂದ ಲೆಕ್ಕ ಹಾಕುತ್ತಿರಲಿಲ್ಲ. ದೊಡ್ಡ ಎಂಟು ಕೌಂಟಿಗಳಿಗೆ ತಲಾ 6 ಅಂಶ, ಮಧ್ಯಮದ ಮೂವತ್ತಕ್ಕೆ ತಲಾ 4, ಉಳಿದ 121 ಸಣ್ಣ ಕೌಂಟಿಗಳಿಗೆ ತಲಾ 2. ಅಟ್ಲಾಂಟಾ ನಗರವಿದ್ದ ಫುಲ್ಟನ್ ಕೌಂಟಿಯ ಜನಸಂಖ್ಯೆ 5,56,326. ಅದಕ್ಕೆ 6 ಅಂಶ. ಎಕೋಲ್ಸ್ ಎಂಬ ಕೌಂಟಿಯ ಜನಸಂಖ್ಯೆ 1,876. ಅದಕ್ಕೆ 2 ಅಂಶ. ಅಂದರೆ ಎಕೋಲ್ಸ್‌ನಂಥ ಮೂರು ಕುಗ್ರಾಮ ಪ್ರದೇಶಗಳು ಸೇರಿದರೆ ಇಡೀ ರಾಜಧಾನಿಗೆ ಸಮ. ಓದುಗರು ಗುಣಿಸಿ ನೋಡಬಹುದು: ಒಬ್ಬ ಹಳ್ಳಿಯವನ ಮತವು ಸುಮಾರು ನೂರು ಜನ ನಗರವಾಸಿಗಳ ಮತಕ್ಕೆ ಸಾಟಿಯಾಗುತ್ತಿತ್ತು.

ಹಳ್ಳಿಗೆ ಹೆಚ್ಚು ತೂಕ ದೊರೆತರೆ ಒಳ್ಳೆಯದೇ ಅಲ್ಲವೆ ಎಂದು ನಮ್ಮ ಗ್ರಾಮಸ್ಥ ಓದುಗರು ಕೇಳಿಯಾರು. ಆ ತೂಕ ಹಳ್ಳಿಯ ಜನರ ಕೈಗೆ ಬರಲಿಲ್ಲ. ಹಳ್ಳಿಯ ಯಜಮಾನನ ಕೈಗೆ ಹೋಯಿತು. ಸಣ್ಣ ಕೌಂಟಿಯಲ್ಲಿ ಕೆಲವು ನೂರು ಮತಗಳನ್ನು ಹಿಡಿತದಲ್ಲಿಟ್ಟುಕೊಂಡವನು ಇಡೀ ರಾಜ್ಯದ ರಾಜಕಾರಣದಲ್ಲಿ ಬೆಲೆಯುಳ್ಳ ಮನುಷ್ಯನಾಗುತ್ತಿದ್ದನು. ಯೂಜೀನ್ ಟಾಲ್ಮಜ್ ಎಂಬ ಗವರ್ನರನಂತೂ, ಟ್ರ್ಯಾಮ್ ಗಾಡಿ ಓಡಾಡುವ ಊರುಗಳ ಮತ ತನಗೆ ಬೇಕಾಗಿಯೇ ಇಲ್ಲವೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದನಂತೆ. ಕಪ್ಪು ಜನಾಂಗದವರು ಹೆಚ್ಚಾಗಿದ್ದ ಗ್ರಾಮೀಣ ಕೌಂಟಿಗಳಲ್ಲಿ ಅವರ ಹೆಸರು ಮತದಾರರ ಪಟ್ಟಿಗೆ ಸೇರದಂತೆ ನೋಡಿಕೊಂಡು, ಅವರ ತಲೆಯೆಣಿಕೆಯಿಂದ ಬಂದ ತೂಕವನ್ನೂ ಬಿಳಿಯ ಯಜಮಾನರೇ ಅನುಭವಿಸುತ್ತಿದ್ದರು.

1962ರ ಮಾರ್ಚ್ 26ರಂದು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು ಟೆನೆಸಿ ರಾಜ್ಯದ ಬೇಕರ್ ವಿರುದ್ಧ ಕಾರ್ ಎಂಬ ಮೊಕದ್ದಮೆಯಲ್ಲಿ, ಕ್ಷೇತ್ರಗಳ ವಿಂಗಡಣೆಯಲ್ಲಿ ಅನ್ಯಾಯವಾದರೆ ನ್ಯಾಯಾಲಯ ವಿಚಾರಿಸಬಹುದೆಂದು ತೀರ್ಪಿತ್ತಿತು. ಕೆಲವೇ ವಾರಗಳಲ್ಲಿ ಜಾರ್ಜಿಯಾದ ಅಂಶ ಪದ್ಧತಿ ಕೆಳಗಿನ ಫೆಡರಲ್ ನ್ಯಾಯಾಲಯದಲ್ಲಿಯೇ ಉರುಳಿಬಿದ್ದಿತು. ಮರುವರ್ಷದ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಬ್ಬ ವ್ಯಕ್ತಿಗೆ ಒಂದೇ ಮತವೆಂಬ ತತ್ತ್ವವನ್ನು ಸಾರಿತು. ರಾಜ್ಯದ ಶಾಸನಸಭೆಯ ಒಂದು ಸದನವನ್ನಾದರೂ ಜನಸಂಖ್ಯೆಗನುಸಾರ ಪುನರ್ವಿಂಗಡಿಸಬೇಕೆಂಬ ಆಜ್ಞೆಯೂ ಬಂದಿತು. ಗವರ್ನರ್ ಅರ್ನೆಸ್ಟ್ ವ್ಯಾಂಡಿವರ್ ವಿಶೇಷ ಅಧಿವೇಶನ ಕರೆದು ಸೆನೆಟ್ಟಿನ 54 ಕ್ಷೇತ್ರಗಳನ್ನು ಹೊಸದಾಗಿ ಗೆರೆಯೆಳೆಸಿದರು. ಸಂಟರ್, ಕ್ವಿಟ್‌ಮನ್, ಸ್ಟೂವರ್ಟ್, ವೆಬ್‌ಸ್ಟರ್, ಟೆರೆಲ್, ರ‍್ಯಾಂಡಾಲ್ಫ್, ಚಾಟಹೂಚಿ ಎಂಬ ಏಳು ಕೌಂಟಿಗಳು ಸೇರಿ ಹದಿನಾಲ್ಕನೆಯ ಕ್ಷೇತ್ರವಾಯಿತು. ಪಕ್ಷದೊಳಗಿನ ಚುನಾವಣೆಗೆ ಅಕ್ಟೋಬರ್ 16 ಎಂದು ದಿನ ಗೊತ್ತಾಯಿತು. ಅಲ್ಲಿ ಆಗ ಡೆಮಾಕ್ರಟಿಕ್ ಪಕ್ಷದ್ದೇ ಏಕಚಕ್ರಾಧಿಪತ್ಯವಾದ್ದರಿಂದ ಪಕ್ಷದೊಳಗೆ ಗೆದ್ದವನೇ ಗೆದ್ದಂತೆ.

ಶೇಂಗಾ ವ್ಯಾಪಾರಿಯ ಹುಟ್ಟುಹಬ್ಬ

ಕಾರ್ಟರರಿಗೆ ಅಕ್ಟೋಬರ್ 1ಕ್ಕೆ 38 ತುಂಬಿತು. ಆರೇಳುನೂರು ಜನರ ಪ್ಲೇನ್ಸ್ ಎಂಬ ಊರಿನಲ್ಲಿ ಶೇಂಗಾ ದಾಸ್ತಾನಿನ ಮಳಿಗೆ, ಬೀಜ ಗೊಬ್ಬರದ ವ್ಯಾಪಾರ. ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು 1953ರಲ್ಲಿ ತಂದೆ ಗತಿಸಿದಾಗ ಕೆಲಸ ಬಿಟ್ಟು ಊರಿಗೆ ಮರಳಿದ್ದರು. ತಂದೆ ಅದಕ್ಕೆ ಹಿಂದಿನ ವರ್ಷವಷ್ಟೇ ರಾಜ್ಯದ ಕೆಳಮನೆಗೆ ಆರಿಸಿ ಬಂದಿದ್ದರು. ಮಗ ಕೌಂಟಿಯ ಶಾಲಾ ಮಂಡಳಿಯಲ್ಲಿ ಸದಸ್ಯ, ಚರ್ಚಿನಲ್ಲಿ ಭಾನುವಾರದ ಧರ್ಮಪಾಠ ಹೇಳುವವರು. ಅಂದು ಬೆಳಿಗ್ಗೆ ಅವರು ಕೆಲಸದ ಬಟ್ಟೆಯ ಬದಲು ಭಾನುವಾರದ ಉಡುಪು ಧರಿಸಿದ್ದನ್ನು ಕಂಡು, ಯಾರದಾದರೂ ಅಂತ್ಯಸಂಸ್ಕಾರಕ್ಕೆ ಹೊರಟಿರಾ ಎಂದು ಪತ್ನಿ ರೊಸಲಿನ್ ಕೇಳಿದರಂತೆ. ಸೆನೆಟ್ಟಿಗೆ ನಿಲ್ಲುತ್ತೇನೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಅಮೇರಿಕಸ್ ಪಟ್ಟಣಕ್ಕೆ ಹೊರಟಿದ್ದೇನೆ ಎಂಬುದು ಉತ್ತರ. ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ! ಗೃಹಸ್ಥಧರ್ಮದ ದೃಷ್ಟಿಯಿಂದ ಇದು ಸರಿಯಲ್ಲವೆಂದು ನಮ್ಮ ಓದುಗ ತಾಯಂದಿರು ಹೇಳಿದರೆ ನಾವು ಒಪ್ಪುತ್ತೇವೆ. ಕಾರ್ಟರರೂ ಮುಂದೆ ಅದನ್ನು ತಮ್ಮ ತಪ್ಪೆಂದೇ ಒಪ್ಪಿಕೊಂಡರು.

ಆ ದಿನಗಳಲ್ಲಿ ಅವರ ಮನೆಗೆ ಅತಿಥಿಯಾಗಿ ಬಂದಿದ್ದ ಧರ್ಮಬೋಧಕರೊಬ್ಬರು, ಸೇವೆ ಮಾಡಬೇಕೆಂದಿದ್ದರೆ ಪಾದ್ರಿಯಾಗಬಾರದೆ, ಈ ಹೊಲಸು ರಾಜಕಾರಣವೇಕೆ ಎಂದು ಕೇಳಿದರು. ಮುಕ್ಕಾಲು ಲಕ್ಷ ಭಕ್ತರುಳ್ಳ ಚರ್ಚಿಗೆ ಗುರುವಾಗುವ ಅವಕಾಶ ನಿಮಗೆ ದೊರೆತರೆ ಹೇಗೆ ಎಂದು ಕಾರ್ಟರರು ಮರುಪ್ರಶ್ನೆ ಹಾಕಿದರು. ಕ್ಷೇತ್ರದ ಜನಸಂಖ್ಯೆ ಸುಮಾರು ಅಷ್ಟಿತ್ತು. ಲೋಕದ ಕೆಲಸವೂ ದೇವರ ಕೆಲಸವೂ ಬೇರೆಬೇರೆಯಲ್ಲವೆಂಬ ಈ ಭಾವನೆ ಕಾಯಕ ತತ್ತ್ವದಲ್ಲಿ ಬೆಳೆದ ನಮ್ಮವರಿಗೆ ಹೊಸದೇನೂ ಅಲ್ಲ.

ಎದುರಾಳಿ ಸ್ಟೂವರ್ಟ್ ಕೌಂಟಿಯ ರಿಚ್‌ಲೆಂಡ್ ಊರಿನ ಹೋಮರ್ ಮೂರ್. ಅವರೂ ವ್ಯಾಪಾರಸ್ಥರೇ. ಹಳೆಯ ಸರದಿ ಪದ್ಧತಿಯಲ್ಲಿ ಆಗಲೇ ಆಯ್ಕೆಯಾಗಿ, ಹೊಸ ವಿಂಗಡಣೆಯಿಂದ ಮತ್ತೆ ಸ್ಪರ್ಧಿಸಬೇಕಾಗಿ ಬಂದವರು. ಅವರ ಕಡೆಗೂ ಒಂದು ನ್ಯಾಯವಿತ್ತೆಂಬುದನ್ನು ಮರೆಯಬಾರದು. ಕಾರ್ಟರರಿಗೆ ಪ್ರಚಾರಕ್ಕೆ ದೊರೆತದ್ದು ಎರಡು ವಾರ. ಮನೆಮಂದಿ, ಬಂಧುಗಳು, ಗೆಳೆಯರೇ ಕಾರ್ಯಕರ್ತರು.

ಜಾರ್ಜ್‌ಟೌನಿನ ಒಂದು ದಿನ

ಕ್ವಿಟ್‌ಮನ್ ಕೌಂಟಿ ಬಹಳ ಚಿಕ್ಕದು. ಅದರ ಮುಖ್ಯ ಊರು ಜಾರ್ಜ್‌ಟೌನ್, ಚಾಟಹೂಚಿ ಹೊಳೆಯ ದಡದಲ್ಲಿದೆ. ಹೊಳೆ ದಾಟಿದರೆ ಅಲಬಾಮಾ ರಾಜ್ಯ. ಅಲ್ಲಿಯ ಯಜಮಾನ ಜೋ ಹರ್ಸ್ಟ್. ರಾಜ್ಯದ ಕೆಳಮನೆಯ ಸದಸ್ಯ. ಸರ್ಕಾರದ ಸಹಾಯಧನದ ಚೆಕ್ಕುಗಳು ಬಡವರಿಗೆ ತಲಪುವುದೂ ಆತನ ಮೂಲಕವೇ ಎಂಬಂತಾಗಿತ್ತು. ಯಾರಿಗೆ ಅನ್ನದ ದಾರಿ ಒಬ್ಬನ ಕೈಯಲ್ಲಿದೆಯೋ ಅವರ ಮತವೂ ಅವನ ಕೈಯಲ್ಲಿರುತ್ತದೆ. ದಾಸೋಹಕ್ಕೂ ದಾನದ ಹೆಸರಿನ ದಬ್ಬಾಳಿಕೆಗೂ ಇರುವ ಅಂತರವನ್ನು ತಿಳಿಯಬೇಕೆನ್ನುವವರು ಆ ಊರನ್ನು ಒಮ್ಮೆ ನೆನೆಯಬೇಕು.

ಮತದಾನದ ದಿನ ಕಾರ್ಟರರ ಗೆಳೆಯ ಜಾನ್ ಪೋಪ್ ಅವರ ಪರವಾಗಿ ಜಾರ್ಜ್‌ಟೌನಿನ ನ್ಯಾಯಾಲಯದ ಕಟ್ಟಡಕ್ಕೆ ಹೋದರು. ಒಳಗೆ ಮರೆಯ ಕಟ್ಟೆಯಿರಲಿಲ್ಲ. ಎಲ್ಲರೂ ಕಾಣುವಂತೆ ಮೇಜಿನ ಮೇಲೆಯೇ ಮತಪತ್ರಕ್ಕೆ ಗುರುತು ಮಾಡಬೇಕು. ಹರ್ಸ್ಟ್ ಪಕ್ಕದಲ್ಲಿಯೇ ನಿಂತು, ಕಾರ್ಟರನ ಹೆಸರನ್ನು ಹೊಡೆದುಹಾಕಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದನು. ಮತಪೆಟ್ಟಿಗೆಯೆಂದರೆ ಮದ್ಯದ ಶೀಸೆಗಳು ಬಂದಿದ್ದ ರಟ್ಟಿನ ಡಬ್ಬ. ಅದರ ಮೇಲ್ಭಾಗದಲ್ಲಿ ಕೈ ತೂರುವಷ್ಟು ದೊಡ್ಡ ರಂಧ್ರ. ತೂರಿದ್ದೂ ಆಯಿತು. ಹಾಕಿದ ಮತಪತ್ರವನ್ನು ಹರ್ಸ್ಟ್ ಹೊರತೆಗೆದು ನೋಡುತ್ತಿದ್ದುದನ್ನು ಕಂಡವರಿದ್ದರು. ಪೋಪ್ ದೂರವಾಣಿ ಮಾಡಿದರು. ಕಾರ್ಟರರೂ ಬಂದು ನೋಡಿದರು. ಸಮೀಪದ ನಗರದ ಪತ್ರಿಕೆಯ ವರದಿಗಾರನಿಗೆ ತಿಳಿಸಿದರೆ ಆತನಿಗೆ ಅದರಲ್ಲಿ ಸುದ್ದಿಯೇ ಕಾಣಲಿಲ್ಲ. ಆ ಊರಿನಲ್ಲಿ ಚುನಾವಣೆ ನಡೆಯುವುದೇ ಹಾಗೆ ಎಂದು ಎಲ್ಲರಿಗೂ ಗೊತ್ತಿತ್ತಲ್ಲ! ಅಕ್ರಮವು ರೂಢಿಯಾದಾಗ ಕಣ್ಣಿಗೆ ಬೀಳುವುದಿಲ್ಲ.

ಎಣಿಕೆಯಾಯಿತು. ಉಳಿದ ಕೌಂಟಿಗಳಲ್ಲಿ ಕಾರ್ಟರರು ಅಲ್ಪ ಮತಗಳಿಂದ ಮುಂದಿದ್ದರು. ಕ್ವಿಟ್‌ಮನ್‌ನ ಫಲಿತಾಂಶ ಬಂದು ಸೇರಿದಾಗ ನೂರಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಜಾರ್ಜ್‌ಟೌನಿನಲ್ಲಿ ಮತ ಹಾಕಲು ಬಂದವರು 333 ಜನ. ಪೆಟ್ಟಿಗೆಯಿಂದ ಹೊರಬಂದ ಮತಪತ್ರಗಳು 420ರಷ್ಟು. (ಈ ಸಂಖ್ಯೆಯನ್ನು ಓದಿ ನಮ್ಮವರು ನಕ್ಕರೆ ಅಚ್ಚರಿಯಿಲ್ಲ. ಭಾರತೀಯ ದಂಡ ಸಂಹಿತೆಯು 2024ರ ಜುಲೈ 1ರಿಂದ ಜಾರಿಯಲ್ಲಿಲ್ಲವಾದರೂ ಅದರ 420ನೆಯ ಕಲಮು ಜನರ ಬಾಯಿಂದ ಹೋಗಿಲ್ಲ. ಇದು ಶುದ್ಧ ಕಾಕತಾಳೀಯ.) ಪಟ್ಟಿಯನ್ನು ತೆಗೆದು ನೋಡಿದರೆ ಇನ್ನೂ ಸೋಜಿಗ. ನೂರಕ್ಕೂ ಹೆಚ್ಚು ಮತದಾರರು ಅಕ್ಷರಾನುಕ್ರಮದಲ್ಲಿ, ಅಂದರೆ ಹೆಸರಿನ ಮೊದಲಕ್ಷರದ ಸಾಲಿನಲ್ಲಿಯೇ, ಒಬ್ಬರ ಹಿಂದೊಬ್ಬರು ಬಂದು ಮತ ಹಾಕಿದಂತೆ ದಾಖಲಾಗಿತ್ತು. ಸತ್ತವರೂ ಸೆರೆಮನೆಯಲ್ಲಿದ್ದವರೂ ಊರು ಬಿಟ್ಟು ಎಷ್ಟೋ ಕಾಲವಾದವರೂ ಅಂದು ಜಾರ್ಜ್‌ಟೌನಿಗೆ ಬಂದು ತಮ್ಮ ಪ್ರಜಾಧರ್ಮವನ್ನು ನೆರವೇರಿಸಿದ್ದರು.

ಸೋತವರು ಸುಮ್ಮನಿರುವುದು ಲೋಕದ ರೂಢಿ. ಇನ್ನೆರಡು ವರ್ಷಕ್ಕೆ ಮತ್ತೆ ಚುನಾವಣೆ ಬರುತ್ತದೆ, ಈಗ ಕೆದಕಿದರೆ ಸೋಲನ್ನು ಸಹಿಸಲಾರದವನೆಂಬ ಹೆಸರು ಬರುತ್ತದೆ, ವ್ಯಾಪಾರವೂ ಕೆಡುತ್ತದೆ. ಹೀಗೆಂದು ಹಿತವಾದ ಹೇಳಿದವರೂ ಇದ್ದರು. ಜೋ ಹರ್ಸ್ಟನಿಗೆ ಎದುರು ಬಿದ್ದವರ ಅಂಗಡಿ ಹಿಂದೊಮ್ಮೆ ಸುಟ್ಟುಹೋಯಿತೆಂದು ಯಾರೋ ಮಳಿಗೆಗೆ ಬಂದು ಹೇಳಿ ಹೋದರೆಂದು ರೊಸಲಿನ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಚಿಕ್ಕ ಮಕ್ಕಳ ಮನೆ. ಆ ರಾತ್ರಿಗಳು ಆ ತಾಯಿಗೆ ಹೇಗೆ ಕಳೆದಿರಬಹುದೆಂಬುದನ್ನು ನಾವು ಊಹಿಸಬಲ್ಲೆವು. ಕಾರ್ಟರರು ಜಾರ್ಜ್‌ಟೌನಿನ ಮನೆಮನೆಗೆ ಹೋಗಿ, ನಡೆದುದನ್ನು ಕಂಡವರಿಂದ ಪ್ರಮಾಣಪತ್ರ ಬರೆಸಿಕೊಳ್ಳತೊಡಗಿದರು. ಹೆದರಿದವರು ಬಾಗಿಲು ಹಾಕಿಕೊಂಡರು. ಕೆಲವರು ಹೆದರುತ್ತಲೇ ಸಹಿ ಹಾಕಿದರು. ಇಡೀ ವೃತ್ತಾಂತದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಸಹಿಗಳೇ. ಕಾರ್ಟರರು ಗೆದ್ದರೆ ಅಟ್ಲಾಂಟಾಕ್ಕೆ ಹೋಗುವವರು. ಸಹಿ ಹಾಕಿದವರು ಮರುದಿನ ಬೆಳಿಗ್ಗೆ ಅದೇ ಬೀದಿಯಲ್ಲಿ, ಅದೇ ಹರ್ಸ್ಟನ ಮುಂದೆ ನಡೆದು ಹೋಗಬೇಕಾದವರು.

ನೆರವಿಗೆ ಬಂದವರಲ್ಲಿ ಇಬ್ಬರನ್ನು ಹೆಸರಿಸಲೇಬೇಕು. ಅಟ್ಲಾಂಟಾ ಜರ್ನಲ್ ಪತ್ರಿಕೆಯ ಜಾನ್ ಪೆನ್ನಿಂಗ್ಟನ್ ಎಂಬ ವರದಿಗಾರರು ಸ್ವತಃ ಊರಿಗೆ ಬಂದು, ತಾವೇ ವಿಚಾರಿಸಿ, ಸತ್ತವರ ಮತಗಳ ಕಥೆಯನ್ನು ಬರೆದರು. ಇನ್ನೊಬ್ಬರು ಅಟ್ಲಾಂಟಾದ ವಕೀಲ ಚಾರ್ಲ್ಸ್ ಕರ್ಬೋ. ನಿಧಾನವಾಗಿ ಮಾತನಾಡುವ, ಹಳ್ಳಿಯ ಜಾಯಮಾನದ ಮನುಷ್ಯ. ಅಂದು ಆರಂಭವಾದ ಸ್ನೇಹ ಶ್ವೇತಭವನದವರೆಗೂ ಉಳಿಯಿತು.

ಕೌಂಟಿಯ ಪಕ್ಷ ಸಮಿತಿಗೆ ದೂರು ಕೊಟ್ಟರೆ ಆ ಸಮಿತಿಯೇ ಹರ್ಸ್ಟನದು. ಕಳ್ಳನ ಮೇಲೆ ಕಳ್ಳನಿಗೇ ದೂರು. ಕೊನೆಗೆ ಮರುಎಣಿಕೆಯ ಸಮಿತಿಯೊಂದು ನ್ಯಾಯಾಧೀಶ ಕಾರ್ಲ್ ಕ್ರೋ ಅವರ ಅಧ್ಯಕ್ಷತೆಯಲ್ಲಿ ಜಾರ್ಜ್‌ಟೌನಿನ ನ್ಯಾಯಾಲಯದಲ್ಲಿ ಕುಳಿತಿತು. ಊರಿಗೆ ಊರೇ ಕಿಕ್ಕಿರಿದಿತ್ತು. ಪೆಟ್ಟಿಗೆ ತರಿಸಿ ನೋಡಿದರು. ಮುದ್ರೆ ಸರಿಯಾಗಿರಲಿಲ್ಲ. ಒಳಗೆ ಮತದಾರರ ಪಟ್ಟಿಯಿಲ್ಲ, ಮತಪತ್ರಗಳ ಪ್ರತಿಚೀಟಿಗಳಿಲ್ಲ. ಆದರೆ ನೂರಕ್ಕೂ ಹೆಚ್ಚು ಮತಪತ್ರಗಳು ಒಟ್ಟಿಗೇ ಮಡಿಸಿದ ಒಂದೇ ಕಟ್ಟಾಗಿ ಬಿದ್ದಿದ್ದವು. ಒಂದೊಂದಾಗಿ ಒಬ್ಬೊಬ್ಬರು ಹಾಕಿದ ಚೀಟಿಗಳು ಪೆಟ್ಟಿಗೆಯೊಳಗೆ ತಾವಾಗಿ ಒಂದು ಕಟ್ಟಾಗುವುದು ಎಲ್ಲಿಯಾದರೂ ಉಂಟೆ? ಕರ್ಬೋ ತಮ್ಮ ವಾದದಲ್ಲಿ ಕೋಳಿ ಕದಿಯುವ ಕಳ್ಳರ ದೃಷ್ಟಾಂತ ಕೊಟ್ಟರು. ಹೆಜ್ಜೆಯ ಗುರುತು ಅಳಿಯಲೆಂದು ಅವರು ಹಿಂದೆ ಒಂದು ಪೊದೆಯ ಕೊಂಬೆಯನ್ನು ಎಳೆದುಕೊಂಡು ಹೋಗುತ್ತಾರೆ. ಹೆಜ್ಜೆ ಅಳಿದರೂ ಕೊಂಬೆ ಎಳೆದ ಗುರುತು ಉಳಿಯುತ್ತದೆ ಎಂದು.

ಕ್ರೋ ಅವರ ತೀರ್ಪು ಸಾರ್ವತ್ರಿಕ ಚುನಾವಣೆಗೆ ಕೆಲವೇ ದಿನಗಳಿದ್ದಾಗ ಬಂದಿತು. ಜಾರ್ಜ್‌ಟೌನ್ ಮತಗಟ್ಟೆಯಲ್ಲಿ ನಿಜವಾದ ಮತ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸಲು ಸಾಧ್ಯವೇ ಇಲ್ಲವಾದ್ದರಿಂದ ಆ ಮತಗಟ್ಟೆಯ ಇಡೀ ಎಣಿಕೆಯನ್ನೇ ಬಿಟ್ಟು ಫಲಿತಾಂಶ ಸಾರಬೇಕು. ಹಾಗೆ ಲೆಕ್ಕ ಹಾಕಿದಾಗ ಕಾರ್ಟರರಿಗೆ 65 ಮತಗಳ ಮುನ್ನಡೆ. ಇದರಲ್ಲಿ ಒಂದು ಕೊರಗು ಉಳಿಯುತ್ತದೆ. ಅಂದು ಪ್ರಾಮಾಣಿಕವಾಗಿ ಮತ ಹಾಕಿದ ಜಾರ್ಜ್‌ಟೌನಿನ ಜನರ ಮತಗಳೂ ಕಸದೊಡನೆ ರಸವೆಂಬಂತೆ ಹೋದವು.

ವ್ಯಾಜ್ಯ ಅಲ್ಲಿಗೂ ಮುಗಿಯಲಿಲ್ಲ. ಮತಪತ್ರದ ಮೇಲೆ ಕಾರ್ಟರರ ಹೆಸರಿರಬೇಕೆಂದು ರಾಜ್ಯದ ಅಧಿಕಾರಿಗಳು ಆಜ್ಞೆ ಮಾಡಿದರು. ಮೂರ್ ಕಡೆಯವರು ನ್ಯಾಯಾಲಯಕ್ಕೆ ಹೋದರು. ನವೆಂಬರ್ 6ರ ಮತದಾನಕ್ಕೆ ಹಿಂದಿನ ರಾತ್ರಿ, ಇಬ್ಬರ ಹೆಸರೂ ಇರಕೂಡದು, ಮತದಾರರು ತಮಗೆ ಬೇಕಾದವರ ಹೆಸರನ್ನು ಕೈಯಿಂದಲೇ ಬರೆಯಲಿ ಎಂದು ಮತ್ತೊಂದು ತೀರ್ಪು. ರಾತ್ರೋರಾತ್ರಿ ಗೊಂದಲ. ಬೆಳಗಾಗುವಷ್ಟರಲ್ಲಿ ಏಳು ಕೌಂಟಿಗಳಿಗೂ ಸುದ್ದಿ ಮುಟ್ಟಿಸಬೇಕಿತ್ತು. ಅಂತೂ ಮತದಾನ ನಡೆಯಿತು: ಕಾರ್ಟರ್ 3,013, ಮೂರ್ 2,182. ಆಗಲೂ ಸೆನೆಟ್ಟಿನ ಒಳಗೆ ತಕರಾರು ಬರಬಹುದೆಂಬ ಭಯವಿತ್ತು. 1963ರ ಜನವರಿ 14ರಂದು ಸಭೆಯ ಅಧ್ಯಕ್ಷತೆ ವಹಿಸಿದ್ದ ಲೆಫ್ಟಿನೆಂಟ್ ಗವರ್ನರ್ ಪೀಟರ್ ಝ್ಯಾಕ್ ಗೀರ್ ಪ್ರಮಾಣವಚನ ಬೋಧಿಸುವವರೆಗೆ ತಾವು ಸೆನೆಟರ್ ಹೌದೋ ಅಲ್ಲವೋ ಎಂಬುದು ಕಾರ್ಟರರಿಗೇ ಖಚಿತವಿರಲಿಲ್ಲ. ಹರ್ಸ್ಟ್ ಮುಂದೆ ಮತವಂಚನೆಯ ಆಪಾದನೆಯಲ್ಲಿಯೂ ಕಳ್ಳಭಟ್ಟಿಯ ಪ್ರಕರಣದಲ್ಲಿಯೂ ಶಿಕ್ಷೆಗೊಳಗಾದನು.

ಸದನದ ಒಳಗೆ, ಚರ್ಚಿನ ಒಳಗೆ

ಅದೇ ಸೆನೆಟ್ಟಿಗೆ ಅಟ್ಲಾಂಟಾದಿಂದ ಲಿರಾಯ್ ಜಾನ್ಸನ್ ಎಂಬ ಕಪ್ಪು ಜನಾಂಗದ ವಕೀಲರು ಆರಿಸಿ ಬಂದಿದ್ದರು. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಜಾರ್ಜಿಯಾದ ಶಾಸನಸಭೆಯು ಅಂಥ ಸದಸ್ಯನನ್ನು ಕಂಡಿರಲಿಲ್ಲ. ಕ್ಷೇತ್ರಗಳ ಗೆರೆ ಬದಲಾದುದರ ಫಲ ಇದೂ ಹೌದು. ಹದಿನಾಲ್ಕನೆಯ ಕ್ಷೇತ್ರದ ಸ್ಥಿತಿ ಮಾತ್ರ ಬೇರೆ. ಟೆರೆಲ್ ಕೌಂಟಿಯ ಸ್ಯಾಸರ್ ಎಂಬಲ್ಲಿ, ಆ ಚುನಾವಣೆಗೆ ಒಂದು ತಿಂಗಳ ಮುಂಚೆಯಷ್ಟೇ, ಕಪ್ಪು ಜನರ ಎರಡು ಚರ್ಚುಗಳನ್ನು ಸುಟ್ಟಿದ್ದರು. ಅಲ್ಲೆಲ್ಲ ಮತದಾರರ ನೋಂದಣಿಯ ಚಳವಳಿ ನಡೆಯುತ್ತಿತ್ತು. ಕಪ್ಪು ಜನರಿಗೆ ನೋಂದಣಿ ನಿರಾಕರಿಸಿದ್ದಕ್ಕಾಗಿ 1957ರ ನಾಗರಿಕ ಹಕ್ಕುಗಳ ಕಾನೂನಿನ ಅಡಿಯಲ್ಲಿ ಕೇಂದ್ರ ಸರ್ಕಾರ ಹೂಡಿದ ಮೊದಲ ದಾವೆಯೂ ಅದೇ ಟೆರೆಲ್ ಕೌಂಟಿಯ ಅಧಿಕಾರಿಗಳ ಮೇಲೆ. ಹೀಗಿರುವಾಗ, ಜಾರ್ಜ್‌ಟೌನಿನ ಪೆಟ್ಟಿಗೆಯೊಂದರಲ್ಲಿ ಮಾತ್ರ ವಂಚನೆಯಿತ್ತು ಎನ್ನುವುದು ಅರ್ಧ ಸತ್ಯ. ಪೆಟ್ಟಿಗೆಯ ಬಳಿಗೆ ಬರುವ ಮೊದಲೇ ಎಷ್ಟೋ ಸಾವಿರ ಜನರನ್ನು ತಡೆದು ನಿಲ್ಲಿಸಿದ್ದು ಅದಕ್ಕಿಂತ ದೊಡ್ಡ ವಂಚನೆ.

ಕಪ್ಪು ಜನರು ಮತದಾರರಾಗಬೇಕಾದರೆ ಮೂವತ್ತು ಪ್ರಶ್ನೆಗಳಿಗೆ ಉತ್ತರಿಸಬೇಕೆಂಬ ಒಂದು ಕಟ್ಟಳೆಯಿತ್ತು. ಪಂಡಿತರೂ ತಡವರಿಸುವಂಥ ಪ್ರಶ್ನೆಗಳು. ಸೆನೆಟ್ಟಿನಲ್ಲಿ ತಮ್ಮ ಮೊದಲ ಭಾಷಣ ಈ ಪದ್ಧತಿಯನ್ನು ಖಂಡಿಸಿದ್ದೆಂದು ಕಾರ್ಟರರು ಬರೆದಿದ್ದಾರೆ. ಓದದೆ ಯಾವ ಮಸೂದೆಗೂ ಮತ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದ ಅವರು, ಅದನ್ನು ಉಳಿಸಿಕೊಳ್ಳಲು ವೇಗವಾಗಿ ಓದುವ ತರಬೇತಿಯನ್ನೂ ಪಡೆಯಬೇಕಾಯಿತು. ಆದರೂ ಆ ವರ್ಷಗಳಲ್ಲಿ ಜನಾಂಗ ಸಮಾನತೆಯ ವಿಷಯದಲ್ಲಿ ಅವರು ಬಹಿರಂಗವಾಗಿ ಇನ್ನೂ ಹೆಚ್ಚು ಮಾತನಾಡಬಹುದಾಗಿತ್ತೆಂದು ಹೇಳುವವರಿದ್ದಾರೆ. ನಮಗೂ ಆ ಮಾತು ಸುಳ್ಳೆನಿಸದು. ಪ್ಲೇನ್ಸ್‌ಗೆ ಕೆಲವೇ ಮೈಲಿಗಳ ದೂರದಲ್ಲಿ ಕೊಯ್ನೋನಿಯಾ ಎಂಬ ತೋಟವಿತ್ತು. ಕ್ಲಾರೆನ್ಸ್ ಜೋರ್ಡನ್ ಎಂಬ ಧರ್ಮಜ್ಞರು 1942ರಲ್ಲಿ ಅದನ್ನು ಸ್ಥಾಪಿಸಿ, ಬಿಳಿಯರೂ ಕರಿಯರೂ ಒಂದೇ ಪಂಕ್ತಿಯಲ್ಲಿ ಉಣ್ಣುವ, ಒಟ್ಟಿಗೆ ದುಡಿಯುವ ಪಾಳಿಯನ್ನು ಕಟ್ಟಿದ್ದರು. ಸುತ್ತಲಿನವರು ಅವರಿಗೆ ಬಹಿಷ್ಕಾರ ಹಾಕಿದರು, ಗುಂಡು ಹಾರಿಸಿದರು. ಸಹಪಂಕ್ತಿಗಾಗಿ ಕಲ್ಯಾಣದಲ್ಲಿ ಏನೇನು ನಡೆಯಿತೆಂಬುದನ್ನು ಬಲ್ಲ ನಾವು ಆ ತೋಟದವರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಟರರ ಸರದಿ ಅವರದೇ ಚರ್ಚಿನಲ್ಲಿ ಬಂದಿತು. 1965ರಲ್ಲಿ, ಅವರು ಸೆನೆಟರ್ ಆಗಿದ್ದಾಗಲೇ, ಕಪ್ಪು ಜನರು ಪ್ರಾರ್ಥನೆಗೆ ಬಂದರೆ ಬಾಗಿಲಲ್ಲಿಯೇ ತಡೆಯಬೇಕೆಂಬ ನಿರ್ಣಯ ಪ್ಲೇನ್ಸ್ ಬ್ಯಾಪ್ಟಿಸ್ಟ್ ಚರ್ಚಿನ ಮುಂದೆ ಬಂದಿತು. ಕಾರ್ಟರರು ಎದ್ದು ನಿಂತು ವಿರೋಧಿಸಿದರು. ಮತಕ್ಕೆ ಹಾಕಿದಾಗ ತಡೆಯಬೇಕೆಂದವರು 54, ಬೇಡವೆಂದವರು 6. ಆ ಆರರಲ್ಲಿ ಐದು ಕಾರ್ಟರರ ಮನೆಯವೇ; ಹೊರಗಿನದು ಒಂದೇ ಒಂದು. ಉಳಿದ ಅನೇಕರು ಕೈಯನ್ನೇ ಎತ್ತಲಿಲ್ಲ. ಜಾರ್ಜ್‌ಟೌನಿನಲ್ಲಿ ಹೆಸರಿಲ್ಲದವರ ಕಟ್ಟು ಮತಗಳು, ಇಲ್ಲಿ ಹೆಸರುಳ್ಳವರ ಮೌನ. ಇವೆರಡರಲ್ಲಿ ಯಾವುದು ಹೆಚ್ಚು ಹಾನಿಕರವೆಂದು ನಿರ್ಣಯಿಸುವುದು ನಮಗೆ ಸುಲಭವಾಗಿ ತೋರುವುದಿಲ್ಲ. ನಮ್ಮ ಸಮಾಜದ ಸಭೆಗಳಲ್ಲಿಯೂ ಕೈಯೆತ್ತದೆ ಕುಳಿತ ಅನುಭವ ನಮ್ಮಲ್ಲಿ ಬಹುಜನರಿಗಿದೆ.

ಅಂದು ಆ ಐವರಲ್ಲಿ ಒಬ್ಬರಾಗಿದ್ದ ತಾಯಿ ಲಿಲಿಯನ್ ಅವರ ಹೆಸರು ನಮ್ಮ ನಾಡಿನೊಡನೆಯೂ ಸೇರಿಕೊಂಡಿದೆ. ದಾದಿಯಾಗಿ, ಬಣ್ಣ ನೋಡದೆ ಮನೆಮನೆಗೂ ಹೋಗಿ ರೋಗಿಗಳನ್ನು ನೋಡಿದ ಆಕೆ ತಮ್ಮ 68ನೆಯ ವಯಸ್ಸಿನಲ್ಲಿ, 1966ರಲ್ಲಿ, ಅಮೆರಿಕೆಯ ಶಾಂತಿದಳವನ್ನು ಸೇರಿ ಮುಂಬಯಿಯ ವಿಕ್ರೋಳಿಗೆ ಬಂದರು. ಅಲ್ಲಿಯ ಚಿಕಿತ್ಸಾಲಯದಲ್ಲಿ ಸುಮಾರು ಎರಡು ವರ್ಷ ಬಡವರ ಶುಶ್ರೂಷೆ ಮಾಡಿದರು. ನಮ್ಮಲ್ಲಿ ಆ ವಯಸ್ಸಿಗೆ ಬಂದವರು ತೀರ್ಥಯಾತ್ರೆಗೆ ಹೊರಡುತ್ತಾರೆ. ಆ ತಾಯಿಯ ಯಾತ್ರೆ ಇದು.

ಮಗ ಭಾರತಕ್ಕೆ ಬಂದದ್ದು 1978ರ ಜನವರಿಯಲ್ಲಿ, ಅಧ್ಯಕ್ಷರಾಗಿ. ಸೆನೆಟ್ಟಿನಲ್ಲಿ ಎರಡು ಅವಧಿ ಮುಗಿಸಿ, 1966ರಲ್ಲಿ ಗವರ್ನರ್ ಹುದ್ದೆಗೆ ನಿಂತು ಸೋತು, 1970ರಲ್ಲಿ ಗೆದ್ದು, 1976ರಲ್ಲಿ ದೇಶದ ಅಧ್ಯಕ್ಷರಾಗಿ ಆರಿಸಿ ಬಂದಿದ್ದರು. ಜನವರಿ 2ರಂದು ನಮ್ಮ ಸಂಸತ್ತಿನಲ್ಲಿ ಮಾತನಾಡಿ, ತುರ್ತುಪರಿಸ್ಥಿತಿಯ ನಂತರ 1977ರಲ್ಲಿ ಭಾರತದ ಜನರು ನಡೆಸಿದ ಚುನಾವಣೆಯನ್ನು ಪ್ರಶಂಸಿಸಿದರು. ಮರುದಿನ ಅವರು ಭೇಟಿಕೊಟ್ಟ ಹರಿಯಾಣದ ದೌಲತ್‌ಪುರ ನಸೀರಾಬಾದ್ ಎಂಬ ಹಳ್ಳಿಗೆ ಕಾರ್ಟರ್‌ಪುರಿ ಎಂಬ ಹೆಸರು ಬಂದಿತು. ಆಗ ನಮ್ಮ ಉಪರಾಷ್ಟ್ರಪತಿಗಳಾಗಿ, ರಾಜ್ಯಸಭೆಯ ಸಭಾಪತಿಗಳಾಗಿದ್ದವರು ಬಸವಪ್ಪ ದಾನಪ್ಪ ಜತ್ತಿಯವರು. ಬಸವ ಸಮಿತಿಯನ್ನು ಸ್ಥಾಪಿಸಿದ ಜತ್ತಿಯವರನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಆ 1977ರ ಚುನಾವಣೆ ನಡೆದಾಗ ಹಂಗಾಮಿ ರಾಷ್ಟ್ರಪತಿಗಳಾಗಿದ್ದವರೂ ಅವರೇ. ಗೆದ್ದ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ.

ಪದವಿ ಕಳೆದ ಮೇಲೆ ಕಾರ್ಟರರು 1982ರಲ್ಲಿ ಅಟ್ಲಾಂಟಾದಲ್ಲಿ ತಮ್ಮ ಹೆಸರಿನ ಕೇಂದ್ರವನ್ನು ಸ್ಥಾಪಿಸಿದರು. ಅದು ಕೈಗೊಂಡ ಕೆಲಸಗಳಲ್ಲಿ ಒಂದು, ಕರೆದ ದೇಶಗಳಿಗೆ ಹೋಗಿ ಚುನಾವಣೆ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವುದು. ಇಂದಿಗೆ ಅಂಥ ಚುನಾವಣೆಗಳ ಸಂಖ್ಯೆ ನೂರನ್ನು ದಾಟಿದೆ. 1989ರ ಮೇ ತಿಂಗಳಲ್ಲಿ ಪನಾಮಾದಲ್ಲಿ ಸೇನಾಧಿಪತಿ ನೊರೀಗಾನ ಕಡೆಯವರು ಎಣಿಕೆಯನ್ನು ತಿರುಚಿದಾಗ, ಇದು ವಂಚನೆಯೆಂದು ಅಲ್ಲಿಯೇ ನಿಂತು ಜಗತ್ತಿಗೆ ಸಾರಿದವರು ಕಾರ್ಟರರು. ಕಳ್ಳ ಎಣಿಕೆಯ ಲಕ್ಷಣಗಳನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. 1992ರಲ್ಲಿ ಅವರು ಜಾರ್ಜ್‌ಟೌನಿನ ಪ್ರಸಂಗದ ಮೇಲೆಯೇ ಒಂದು ಇಡೀ ಪುಸ್ತಕ ಬರೆದರು. ಅಧ್ಯಕ್ಷರಾಗಿದ್ದವರು ರಾಜ್ಯ ಸೆನೆಟ್ಟಿನ ಒಂದು ಕ್ಷೇತ್ರದ ಚುನಾವಣೆಗೆ ಪುಸ್ತಕವನ್ನೇ ಮೀಸಲಿಟ್ಟದ್ದು ಅಪರೂಪ.

ಕ್ಷೇತ್ರಗಳ ಗೆರೆಗಳು ಆಮೇಲೆ ಎಷ್ಟೋ ಸಲ ಬದಲಾದವು. ಜಾರ್ಜಿಯಾದ ಸೆನೆಟ್ಟಿನಲ್ಲಿ ಈಗ 56 ಸ್ಥಾನಗಳು. ಹದಿನಾಲ್ಕು ಎಂಬ ಸಂಖ್ಯೆಯ ಕ್ಷೇತ್ರ ಈಗ ಅಟ್ಲಾಂಟಾದ ಉತ್ತರದ ಬಡಾವಣೆಗಳ ಕಡೆಗಿದೆ. ಪ್ಲೇನ್ಸ್ ಇರುವ ಸಂಟರ್, ಜಾರ್ಜ್‌ಟೌನ್ ಇರುವ ಕ್ವಿಟ್‌ಮನ್, ಚರ್ಚುಗಳು ಸುಟ್ಟ ಟೆರೆಲ್ ಕೌಂಟಿಗಳು ಹನ್ನೆರಡನೆಯ ಕ್ಷೇತ್ರಕ್ಕೆ ಸೇರಿವೆ. 2008ರ ಚುನಾವಣೆಯಲ್ಲಿ ಆ ಹನ್ನೆರಡನೆಯ ಕ್ಷೇತ್ರದಿಂದ ಗೆದ್ದು ಮುಂದಿನ ಜನವರಿಯಲ್ಲಿ ಸೆನೆಟ್ಟನ್ನು ಪ್ರವೇಶಿಸಿದವರು ಫ್ರೆಡ್ಡಿ ಪವೆಲ್ ಸಿಮ್ಸ್ ಎಂಬ ಕಪ್ಪು ಜನಾಂಗದ ಮಹಿಳೆ. ಅವರ ಊರು ಡಾಸನ್, ಟೆರೆಲ್ ಕೌಂಟಿಯ ಮುಖ್ಯ ಪಟ್ಟಣ.